ರಿಂಗ್ ಸ್ಪೆಕ್ಟ್ರಮುಗಳ ರೂಪಭೇದ

ಕಳಸದಿಂದ ಚಿಕ್ಕಮಗಳೂರಿಗೆ ಹೊರಟವರು ಬಾಳೆಹೊನ್ನೂರಿನ ಮೇಲೆಯೂ ಬರಬಹುದು, ಮೂಡಿಗೆರೆಯ ಮೇಲೆಯೂ ಬರಬಹುದು; ಸೇರುವ ಊರೊಂದೇ. ಗಣಿತಶಾಸ್ತ್ರದ ಈಚಿನ ಚರಿತ್ರೆಯಲ್ಲಿಯೂ ಇಂತಹ ಪ್ರಸಂಗವೊಂದುಂಟು.

ಆಕೃತಿಗಳ ಆಯಾಮವನ್ನು ಏರಿಸುತ್ತ ಹೋದರೂ ಉಳಿಯುವ ಗುಣಗಳನ್ನು ಅರಸುವುದು ಸ್ಥಿರ ಹೋಮೊಟೊಪಿ ಶಾಸ್ತ್ರ. ಅದರ ಮೂಲವಸ್ತು ಸ್ಪೆಕ್ಟ್ರಮ್. ಗುಣಾಕಾರವುಳ್ಳದ್ದು ರಿಂಗ್ ಸ್ಪೆಕ್ಟ್ರಮ್. 1960ರ ದಶಕದಲ್ಲಿ ಬೋರ್ಡ್‌ಮನ್ನರು ಕಟ್ಟಿದ ವ್ಯವಸ್ಥೆಯಲ್ಲಿ ಗುಣಾಕಾರದ ನಿಯಮಗಳು ಹೋಮೊಟೊಪಿಯ, ಎಂದರೆ ಅವಿಚ್ಛಿನ್ನ ರೂಪಾಂತರದ, ಮಟ್ಟಿಗೆ ಮಾತ್ರ ನಿಲ್ಲುತ್ತಿದ್ದುವು. ಬಯಸತಕ್ಕ ಐದು ಗುಣಗಳು ಒಂದೇ ರೂಪದಲ್ಲಿ ಕೂಡಲಾರವೆಂದು 1991ರಲ್ಲಿ ಲೂಯಿಸರು ಸಾಧಿಸಿದರು. ಆದುದರಿಂದ ಒಂದಿಲ್ಲೊಂದು ಗುಣವನ್ನು ಬಿಟ್ಟುಕೊಟ್ಟು, ನಿಯಮಗಳು ಕಟ್ಟುನಿಟ್ಟಾಗಿ ನಿಲ್ಲುವ ರೂಪಗಳನ್ನು ವಿದ್ವಾಂಸರು ರಚಿಸಿದರು: 1997ರಲ್ಲಿ ಎಲ್ಮೆಂಡಾರ್ಫ್, ಕ್ರಿಜ್, ಮ್ಯಾಂಡೆಲ್, ಮೇ ಇವರ ‘ಎಸ್-ಮಾಡ್ಯೂಲ್’, 2000ದಲ್ಲಿ ಹೋವಿ, ಶಿಪ್ಲಿ, ಸ್ಮಿತ್ ಇವರ ‘ಸಿಮ್ಮೆಟ್ರಿಕ್ ಸ್ಪೆಕ್ಟ್ರಮ್’. ಇವೆರಡರ ರಿಂಗ್‌ಗಳೂ ಹೋಮೊಟೊಪಿಯ ದೃಷ್ಟಿಯಿಂದ ಸಮಾನವೆಂದು 2001ರಲ್ಲಿ ಶ್ವೇಡೆಯವರು ತೋರಿಸಿಕೊಟ್ಟರು. ಸರ್ವಗುಣಸಂಪನ್ನವಾದ ರೂಪವು ದೊರೆಯಲಿಲ್ಲ. ವಸ್ತುವು ಒಂದೇ ಎಂಬ ನಿಶ್ಚಯವು ದೊರೆಯಿತು.