ಇರುಳಿನ ಸಾಕ್ಷ್ಯ: ಬೆಳಗಾವಿ–ಖಾನಾಪುರ ಪ್ರದೇಶದಲ್ಲಿ ಕಿರುಕ್ಯಾಮೆರಾ

1839ರಲ್ಲಿ ಜಗತ್ತಿಗೆ ಪ್ರಕಟವಾದ ಛಾಯಾಚಿತ್ರಣವು ಬಹುಕಾಲ ಹಗಲಿನ ವಿದ್ಯೆಯಾಗಿಯೇ ಉಳಿಯಿತು. ಇಂದು ಅಂಗೈಯಲ್ಲಿ ಅಡಗುವ ಕ್ಯಾಮೆರಾ ಇರುಳಿನ ಚಲನಚಿತ್ರವನ್ನೂ ತೆಗೆಯುತ್ತದೆ. ಇಂತಹ ಚಿತ್ರವನ್ನು ಚರಿತ್ರೆಯ ಆಕರವೆಂದು ಎಷ್ಟರಮಟ್ಟಿಗೆ ನಂಬಬಹುದು, ಅದನ್ನು ಪಡೆಯುವಾಗ ನಾವು ಯಾವ ಮಿತಿಯನ್ನು ಪಾಲಿಸಬೇಕು ಎಂಬ ಎರಡು ಪ್ರಶ್ನೆಗಳನ್ನು ಬೆಳಗಾವಿ ನಗರ ಮತ್ತು ಖಾನಾಪುರ ತಾಲೂಕುಗಳ ನಿದರ್ಶನದಿಂದ ಇಲ್ಲಿ ವಿವೇಚಿಸಲಾಗಿದೆ.

ಮೊದಲು ಪೂರ್ವಚರಿತ್ರೆಯನ್ನು ನೋಡೋಣ. 1887ರಲ್ಲಿ ಜರ್ಮನಿಯ ಮೀಥೆ ಮತ್ತು ಗೇಡಿಕೆ ಎಂಬವರು ಮೆಗ್ನೀಸಿಯಮ್ ಮಿಂಚುಪುಡಿಯನ್ನು ಬಳಕೆಗೆ ತಂದರು. ಅಮೆರಿಕದ ಜಾರ್ಜ್ ಶೈರಾಸರು ಇರುಳಿನಲ್ಲಿ ತೆಗೆದ ವನ್ಯಮೃಗಗಳ ಚಿತ್ರಗಳು 1906ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯಲ್ಲಿ ಬಂದವು. ನಮ್ಮ ದೇಶದಲ್ಲಿ ಸಂಯುಕ್ತ ಪ್ರಾಂತದ ಅರಣ್ಯಾಧಿಕಾರಿ ಎಫ್. ಡಬ್ಲ್ಯೂ. ಚಾಂಪಿಯನ್ನರು, ದಾರಿಗೆ ಅಡ್ಡ ಕಟ್ಟಿದ ತಂತಿಯನ್ನು ಹುಲಿಯೇ ತುಳಿದು ತನ್ನ ಚಿತ್ರವನ್ನು ತಾನೇ ತೆಗೆದುಕೊಳ್ಳುವಂತೆ ಏರ್ಪಡಿಸಿದರು. ಅವರ ಗ್ರಂಥ 1927ರಲ್ಲಿ ಪ್ರಕಟವಾಯಿತು. ಇದೇ ತತ್ತ್ವದಿಂದ ಬೆಳೆದ ಸ್ವಯಂಚಾಲಿತ ಕ್ಯಾಮೆರಾಗಳಿಂದ ಕೆ. ಉಲ್ಲಾಸ ಕಾರಂತರು ನಾಗರಹೊಳೆಯ ಹುಲಿಗಳನ್ನು ಅವುಗಳ ಪಟ್ಟೆಗಳ ಮೂಲಕ ಗುರುತಿಸಿ ಎಣಿಸುವ ಕ್ರಮವನ್ನು 1995ರಲ್ಲಿ ಪ್ರಕಟಿಸಿದರು. ಈ ಪರಂಪರೆಯಲ್ಲಿ ಕತ್ತಲೆಗೆ ಬೆಳಕನ್ನು ನಾವೇ ಒಯ್ಯುತ್ತಿದ್ದೆವು ಎಂಬುದು ಗಮನಾರ್ಹ.

ಕಿರುಕ್ಯಾಮೆರಾದ ಮಾರ್ಗ ಬೇರೆ. ಅದು ಇದ್ದ ಬೆಳಕನ್ನೇ ಕೂಡಿಹಾಕಲು ಯತ್ನಿಸುತ್ತದೆ. 2002ರಲ್ಲಿ ನಿಕ್ ವುಡ್‌ಮನ್ ಸ್ಥಾಪಿಸಿದ ಗೋಪ್ರೊ ಸಂಸ್ಥೆಯ ಮೊದಲ ಕ್ಯಾಮೆರಾ 2004ರಲ್ಲಿ 35 ಮಿಲಿಮೀಟರ್ ಫಿಲ್ಮನ್ನೇ ಬಳಸುತ್ತಿತ್ತು. ವಿದ್ಯುನ್ಮಾನ ಸಂವೇದಕ ಬಂದುದು ಅನಂತರ. ಇಂತಹ ಹಲವು ಕ್ಯಾಮೆರಾಗಳ ಸಂವೇದಕದ ವಿಸ್ತೀರ್ಣ ಹಳೆಯ 35 ಮಿಲಿಮೀಟರ್ ಚೌಕಟ್ಟಿನ ಸುಮಾರು 30ರಲ್ಲೊಂದು ಪಾಲು ಮಾತ್ರ. ಮೇಲಾಗಿ, ಸೆಕೆಂಡಿಗೆ 25 ಚೌಕಟ್ಟುಗಳ ಚಲನಚಿತ್ರದಲ್ಲಿ ಪ್ರತಿಯೊಂದು ಚೌಕಟ್ಟಿಗೂ ಹೆಚ್ಚೆಂದರೆ 1/25 ಸೆಕೆಂಡಿನ ಬೆಳಕು ದೊರೆಯುತ್ತದೆ. ಸ್ಥಿರಚಿತ್ರಕ್ಕೆ 30 ಸೆಕೆಂಡು ತೆರೆದಿಟ್ಟರೆ ಇದರ 750 ಪಟ್ಟು ಬೆಳಕು ಒದಗುತ್ತದೆ. ಆದರೆ ಚಲಿಸುವುದೆಲ್ಲ ಕಲಸಿಹೋಗುತ್ತದೆ. ಬೆಳಕಿನ ಕೊರತೆಯನ್ನು ಯಂತ್ರವು ಸಂಕೇತವನ್ನು ಹಿಗ್ಗಿಸಿ ತುಂಬಿಕೊಳ್ಳುತ್ತದೆ. ಅದರೊಡನೆ ಹಿಗ್ಗಿದ ಮಚ್ಚೆಗಳನ್ನು ಗಣನೆಯಿಂದ ಸವರಿಹಾಕುತ್ತದೆ. ಇಲ್ಲಿಯೇ ಆಕರವಿಮರ್ಶೆಯ ಅವಶ್ಯಕತೆ ಹುಟ್ಟುತ್ತದೆ: ಸವರಿದ ಚಿತ್ರದಲ್ಲಿ ನುಣುಪಾಗಿ ಕಾಣುವ ಮುಖವು ಕಂಡ ಮುಖವಲ್ಲ, ಊಹಿಸಿದ ಮುಖವೂ ಆಗಿರಬಹುದು.

ಬೆಳಗಾವಿಯಲ್ಲಿ ಗಣೇಶ ವಿಸರ್ಜನೆಯ ಮೆರವಣಿಗೆಯು ಇರುಳೆಲ್ಲ ಸಾಗುತ್ತದೆ. ಕಪಿಲೇಶ್ವರ ಹೊಂಡದ ಬಳಿ ದೀಪಗಳಿಗೆ ಕೊರತೆಯಿಲ್ಲ. ಆದರೆ 50 ಹರ್ಟ್ಸಿನ ವಿದ್ಯುತ್ತಿನಿಂದ ಉರಿಯುವ ಅನೇಕ ದೀಪಗಳು ಸೆಕೆಂಡಿಗೆ 100 ಸಲ ಏರಿಳಿಯುತ್ತವೆ. ಕವಾಟದ ವೇಗವನ್ನು 1/50 ಅಥವಾ 1/100 ಸೆಕೆಂಡಿಗೆ ಹೊಂದಿಸದಿದ್ದರೆ ಚಿತ್ರದಲ್ಲಿ ಪಟ್ಟೆಗಳು ಮೂಡುತ್ತವೆ. ಅರಿಯದವನು ಇದನ್ನು ಊರಿನ ದೀಪಗಳ ದೋಷವೆಂದು ಬಗೆದಾನು.

ಅಲ್ಲಿಂದ ಸುಮಾರು 25 ಕಿಲೋಮೀಟರು ದೂರದ ಖಾನಾಪುರವನ್ನು ದಾಟಿ ಸಹ್ಯಾದ್ರಿಯನ್ನು ಹೊಕ್ಕರೆ ಪ್ರಶ್ನೆಯ ಸ್ವರೂಪವೇ ಬದಲಾಗುತ್ತದೆ. 2011ರಲ್ಲಿ ಅಭಯಾರಣ್ಯವೆಂದು ಘೋಷಿತವಾದ ಭೀಮಗಡದ ಕಾಡಿನಲ್ಲಿ ಬಾರಾಪೇಡೆ ಗುಹೆಗಳಿವೆ. ಇಲ್ಲಿಯ ಬಾವಲಿಯೊಂದನ್ನು 1913ರಲ್ಲಿ ಓಲ್ಡ್‌ಫೀಲ್ಡ್ ಥಾಮಸರು ಹೊಸ ಪ್ರಭೇದವೆಂದು ವರ್ಣಿಸಿ, ಮುಂಬಯಿ ನಿಸರ್ಗೇತಿಹಾಸ ಸಂಘದ ಸಸ್ತನಿ ಸಮೀಕ್ಷೆಗೆ ದುಡಿದ ರಾಟನ್ನರ ಹೆಸರನ್ನಿತ್ತರು. ಬಹುಕಾಲ ಜಗತ್ತಿನಲ್ಲಿ ಈ ಜೀವಿಗೆ ಬಾರಾಪೇಡೆಯೊಂದೇ ತಿಳಿದ ನೆಲೆಯಾಗಿತ್ತು. ಈಚೆಗೆ ಮೇಘಾಲಯ ಮತ್ತು ಕಾಂಬೋಡಿಯಗಳಲ್ಲಿಯೂ ದೊರೆತಿದೆ.

ಇಂತಹ ಗುಹೆಯ ಮುಂದೆ ಕಿರುಕ್ಯಾಮೆರಾ ಬಹುಮಟ್ಟಿಗೆ ನಿರುಪಯುಕ್ತ. ಕಾಡಿನ ಸ್ವಯಂಚಾಲಿತ ಕ್ಯಾಮೆರಾಗಳು ಮನುಷ್ಯನ ಕಣ್ಣಿಗೆ ಕಾಣದ ಅವಕೆಂಪು ಬೆಳಕಿನಲ್ಲಿ ಚಿತ್ರ ತೆಗೆಯಬಲ್ಲವು. ಕಿರುಕ್ಯಾಮೆರಾದಲ್ಲಿಯಾದರೋ, ಹಗಲಿನ ವರ್ಣಗಳು ಕೆಡದಂತೆ ಆ ಕಿರಣಗಳನ್ನು ತಡೆಯುವ ಗಾಜನ್ನು ಇಟ್ಟಿರುತ್ತಾರೆ. ಹೀಗಾಗಿ ಚಿತ್ರಕ್ಕಾಗಿ ಪ್ರಖರವಾದ ದೀಪವನ್ನು ಹಚ್ಚುವ ಆಸೆ ಹುಟ್ಟುತ್ತದೆ. ಗುಹಾವಾಸಿ ಬಾವಲಿಗಳಿಗೆ ಬೆಳಕೂ ಮನುಷ್ಯರ ಓಡಾಟವೂ ಬಾಧಕ. ಪದೇ ಪದೇ ಕಲಕಿದ ನೆಲೆಯನ್ನು ಅವು ತೊರೆಯುವ ಸಂಭವವುಂಟು. ದಾಖಲಿಸಹೊರಟುದನ್ನೇ ಅಳಿಸುವ ದಾಖಲೆಯಿಂದ ವಿದ್ವತ್ತಿಗೆ ಏನು ಲಾಭ? 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಅಭಯಾರಣ್ಯದೊಳಗಿನ ಛಾಯಾಚಿತ್ರಣಕ್ಕೆ ಅನುಮತಿಯನ್ನು ವಿಧಿಸಿರುವುದು ಉಚಿತವೇ ಆಗಿದೆ.

ಕ್ಷೇತ್ರಕಾರ್ಯ ಮಾಡುವ ವಿದ್ಯಾರ್ಥಿಗಳಿಗೆ ನಮ್ಮ ಸೂಚನೆಗಳು ಇಷ್ಟು. ಮೂಲ ಕಡತವನ್ನು ತಿದ್ದದೆ ಕಾಪಾಡಬೇಕು; ತಿಳಿಗೊಳಿಸಿದ ಪ್ರತಿಯನ್ನು ಬೇರೆ ಇಡಬೇಕು. ಕ್ಯಾಮೆರಾದ ಗಡಿಯಾರವನ್ನು ಮೊದಲೇ ಸರಿಪಡಿಸಿ, ಸ್ಥಳ, ದೀಪದ ಬಗೆ, ಕವಾಟದ ವೇಗಗಳನ್ನು ಬರೆದಿಡಬೇಕು. ಬೆಳಕು ಸಾಲದೆ ಕಪ್ಪಾಗಿ ಉಳಿದ ಭಾಗವನ್ನು ಕಪ್ಪಾಗಿಯೇ ಬಿಡಬೇಕು. ಶಾಸನದಲ್ಲಿ ಸವೆದ ಅಕ್ಷರವನ್ನು ಸವೆದಿದೆಯೆಂದೇ ಗುರುತಿಸುವುದು ಸಂಪಾದಕನ ಪ್ರಾಮಾಣಿಕತೆ. ಇರುಳಿನ ಚಿತ್ರಕ್ಕೂ ಅದೇ ನಿಯಮ ಸಲ್ಲುತ್ತದೆ.