ಜಾತಕ ಅಂದ್ರೆ ಮೊದಲೇ ಬರೆದಿಟ್ಟ ಕೋಡಾ?

ಬೆಂಗಳೂರಿನಲ್ಲಿ ಕೋಡ್ ಬರೆಯೋ ಇಬ್ಬರು ಗೆಳೆಯರು ಹಬ್ಬಕ್ಕಂತ ರಂಗಂಪೇಟೆಗೆ ಬಂದಿದ್ದರು. ಹಳೇ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ತೆಗೆದು ಲಿನಕ್ಸ್ ಹಾಕ್ತಾ ಹಾಕ್ತಾ ವಾದ ಶುರುವಾಯ್ತು: ಯಂತ್ರಕ್ಕೆ ಸ್ವಂತ ಇಚ್ಛೆ ಇರ್ತದಾ, ಇಲ್ಲಾ ಬರೆದದ್ದನ್ನಷ್ಟೇ ಮಾಡ್ತದಾ?

ಸುರಪುರಕ್ಕೆ ಈ ಪ್ರಶ್ನೆ ಹೊಸದಲ್ಲ ನೋಡ್ರಿ. ರಾಜಾ ವೆಂಕಟಪ್ಪ ನಾಯಕನ ಜಾತಕದಲ್ಲಿ 24ನೇ ವರ್ಷಕ್ಕೆ ಸಾವು ಅಂತ ಇತ್ತಂತೆ. ಇದನ್ನು ಬರೆದವನು ರಾಜ ಬಾಲಕನಾಗಿದ್ದಾಗ ಇಲ್ಲಿ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್, 1877ರಲ್ಲಿ ಹೊರಬಂದ ತನ್ನ ಆತ್ಮಕಥೆಯಲ್ಲಿ. 1858ರಲ್ಲಿ ರಾಜ ಬ್ರಿಟಿಷರ ಮೇಲೆ ತಿರುಗಿಬಿದ್ದ, ಸೋತ, ಸೆರೆಸಿಕ್ಕ. ಮರಣದಂಡನೆ ಇಳೀತಾ ಬಂದು ಕೊನೆಗೆ ನಾಲ್ಕು ವರ್ಷದ ಸೆರೆಯಾಯ್ತು. ಜಾತಕ ಅಲ್ಲಿಗೆ ಸುಳ್ಳಾಗಬೇಕಿತ್ತು. ಆದರೆ ಚೆಂಗಲ್ಪಟ್ಟಿಗೆ ಒಯ್ಯುವ ದಾರಿಯಲ್ಲಿ, ಕಾವಲಿನ ಅಧಿಕಾರಿಯದೇ ರಿವಾಲ್ವರಿನ ಗುಂಡಿಗೆ ರಾಜ ಸತ್ತ. ಆತ್ಮಹತ್ಯೆ ಅಂತಾನೆ ಟೇಲರ್. ನಮ್ಮ ಕಡೆ ಒಪ್ಪದವರೂ ಇದ್ದಾರೆ.

ಹಣೆಬರಹವೋ, ಆಯ್ಕೆಯೋ, ಕೊಲೆಯೋ?

ಬೆಂಗಳೂರಿನ ಐಐಎಸ್‌ಸಿ ಪ್ರಾಧ್ಯಾಪಕರು ಮತ್ತು ಎಂಜಿನಿಯರುಗಳು ಸೇರಿ 2001ರಲ್ಲಿ ತೋರಿಸಿದ ಸಿಂಪ್ಯೂಟರ್ ಗೊತ್ತಲ್ಲ, ಬಡವರ ಕೈಗೂ ಕಂಪ್ಯೂಟರ್ ಸಿಗಲಿ ಅಂತ ಮಾಡಿದ್ದು? ಅದೂ ಲಿನಕ್ಸ್ ಮೇಲೇ ನಡೀತಿತ್ತು. (ಮಾರುಕಟ್ಟೆಯಲ್ಲಿ ಗೆಲ್ಲಲಿಲ್ಲ, ಅದು ಬೇರೆ ಕಥೆ.) ಲಿನಕ್ಸಿನ ಕೋಡ್ ಬಿಚ್ಚಿ ಓದಬಹುದು, ಯಂತ್ರ ಹಾಗೇಕೆ ಮಾಡ್ತು ಅಂತ ಲಾಗ್ ತೆಗೆದು ನೋಡಬಹುದು. ರಾಜನ ಕಥೆಗೆ ಆ ಸೌಲಭ್ಯ ಇಲ್ಲ. ನಾವು ಹೆಚ್ಚಾಗಿ ನೆಚ್ಚಿರೋದು ಟೇಲರನ ಪುಸ್ತಕ. ಗುಂಡು ಹಾರಿದಾಗ ಅವನೂ ಅಲ್ಲಿರಲಿಲ್ಲ.