ಫಸ್ಟ್ ರ‍್ಯಾಂಕ್ ಬಂತು, ಡಿಗ್ರಿ ಬರಲಿಲ್ಲ

ಭಾಗ 1/6

ಫ್ರೆಂಡ್ಸ್, ಈ ಸಲದ ಹಿಸ್ಟರಿ ಸೀರೀಸ್ ಒಂದು ಮ್ಯಾಥ್ಸ್ ಡಿಗ್ರಿ ಬಗ್ಗೆ. ಸ್ಕ್ರಾಲ್ ಮಾಡಿ ಓಡಿಹೋಗ್ಬೇಡಿ, ಇದರಲ್ಲಿ ಲೆಕ್ಕ ಒಂದೂ ಇಲ್ಲ. ಬಿಕಾಂ ಓದೋ ನಮಗೆ ಮ್ಯಾಥ್ಸ್ ಡಿಗ್ರಿ ಕಟ್ಕೊಂಡು ಏನಾಗ್ಬೇಕು ಅಂತ ಕೇಳ್ತೀರಾ? ನಮ್ಮ ಟೆಕ್ಸ್ಟ್‌ಬುಕ್‌ಗಳಲ್ಲಿರೋ ಮೂರು ಹೆಸರು ನೆನಪು ಮಾಡ್ಕೊಳ್ಳಿ. ಡಿಮ್ಯಾಂಡ್, ಎಲಾಸ್ಟಿಸಿಟಿ, ಕನ್ಸ್ಯೂಮರ್ ಸರ್‌ಪ್ಲಸ್ ಅಂದ ಕೂಡಲೇ ಬರೋ ಆಲ್ಫ್ರೆಡ್ ಮಾರ್ಷಲ್. ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ನಮ್ಮ ಕೈ ನೋಯಿಸೋ ಕೋರಿಲೇಶನ್ ಸೂತ್ರದ ಕಾರ್ಲ್ ಪಿಯರ್ಸನ್. ಮ್ಯಾಕ್ರೋ ಪಾಠದ ಕೇನ್ಸ್. ಈ ಮೂವರೂ ಕೇಂಬ್ರಿಡ್ಜ್‌ನಲ್ಲಿ ಡಿಗ್ರಿ ಮಾಡಿದ್ದು ಮ್ಯಾಥ್ಸ್‌ನಲ್ಲಿ. ಮಾರ್ಷಲ್ 1865ರಲ್ಲಿ ಎರಡನೇ ರ‍್ಯಾಂಕ್, ಪಿಯರ್ಸನ್ 1879ರಲ್ಲಿ ಮೂರನೇ, ಕೇನ್ಸ್ 1905ರಲ್ಲಿ ಹನ್ನೆರಡನೇ.

ಆ ಪರೀಕ್ಷೆಯ ಹೆಸರು ಮ್ಯಾಥಮೆಟಿಕಲ್ ಟ್ರೈಪಾಸ್. ಅದರಲ್ಲಿ ಇವರೆಲ್ಲರಿಗಿಂತ ಮೇಲಿನ ಜಾಗಕ್ಕೆ ಬಂದ ಒಬ್ಬಳ ಹೆಸರು ನಮ್ಮ ಯಾವ ಪುಸ್ತಕದಲ್ಲೂ ಇಲ್ಲ. ಅವಳಿಗೆ ಆ ಯೂನಿವರ್ಸಿಟಿ ಡಿಗ್ರಿ ಕೂಡ ಕೊಡಲಿಲ್ಲ.

ಭಾಗ 2/6

ಮೊದಲು ಎಕ್ಸಾಮ್ ಹೇಗಿತ್ತು ನೋಡೋಣ. ನಮಗೆ ಒಂದು ಪೇಪರ್ ಮೂರು ಗಂಟೆ, ಮಧ್ಯೆ ಎರಡು ದಿನ ಗ್ಯಾಪ್ ಇಲ್ಲ ಅಂದ್ರೆ ಗ್ರೂಪ್‌ನಲ್ಲಿ ಗಲಾಟೆ ಶುರು. 1880ರ ಟ್ರೈಪಾಸ್ ಒಂಬತ್ತು ದಿನ ನಡೀತು, ಒಟ್ಟು 50 ಗಂಟೆಗೂ ಹೆಚ್ಚು ಬರೆಯೋದು. ಸಿಲಬಸ್‌ನಲ್ಲಿರೋ ಪ್ರೂಫ್‌ಗಳನ್ನ ಹಾಗೇ ಬರೀಬೇಕು, ಆಮೇಲೆ ಮುಂಚೆ ಎಲ್ಲೂ ನೋಡಿರದ ಪ್ರಾಬ್ಲಮ್‌ಗಳನ್ನ ಬಿಡಿಸಬೇಕು. ಬುದ್ಧಿ ಇದ್ರೆ ಸಾಲದು, ಸ್ಪೀಡ್ ಬೇಕು.

ಫಸ್ಟ್ ಕ್ಲಾಸ್ ಬಂದವರಿಗೆ ರ‍್ಯಾಂಗ್ಲರ್ ಅಂತ ಹೆಸರು. ರ‍್ಯಾಂಗ್ಲರ್ ಅಂದ್ರೆ ವಾದ ಮಾಡೋನು. ಬಾಯಲ್ಲೇ ವಾದ ಮಾಡಿಸಿ ಪರೀಕ್ಷೆ ಮಾಡ್ತಿದ್ದ ಹಳೇ ಕಾಲದಿಂದ ಉಳ್ಕೊಂಡ ಪದ. ಮೊದಲನೇ ರ‍್ಯಾಂಕ್ ಬಂದವನು ಸೀನಿಯರ್ ರ‍್ಯಾಂಗ್ಲರ್. ಅವನ ಹೆಸರು ಪೇಪರ್‌ನಲ್ಲಿ ಬರ್ತಿತ್ತು, ದೇಶಕ್ಕೆಲ್ಲ ಗೊತ್ತಾಗ್ತಿತ್ತು. ಆನರ್ಸ್ ಲಿಸ್ಟ್‌ನಲ್ಲಿ ಕಟ್ಟಕಡೆಯವನಿಗೂ ಬಹುಮಾನ ಇತ್ತು ಮತ್ತೆ: ಮರದ ಸೌಟು. ಡಿಗ್ರಿ ತಗೊಳ್ಳೋ ಹೊತ್ತಿಗೆ ಅವನ ಕ್ಲಾಸ್‌ಮೇಟ್‌ಗಳೇ ಗ್ಯಾಲರಿಯಿಂದ ಒಂದು ದೊಡ್ಡ ಸೌಟನ್ನ ಹಗ್ಗ ಕಟ್ಟಿ ಇಳಿಬಿಡ್ತಿದ್ರು. ಕಾಲೆಳೆಯೋದು ನಮ್ಮ ಕಾಲದ್ದಲ್ಲ ಅನ್ನೋದಕ್ಕೆ ಇನ್ನೇನು ಸಾಕ್ಷಿ ಬೇಕು.

ಟ್ಯೂಷನ್ ಕಥೆ ಅಂತೂ ನಮ್ಮದೇ. ರ‍್ಯಾಂಕ್ ಬೇಕು ಅಂದ್ರೆ ಕಾಲೇಜಿನ ಕ್ಲಾಸ್ ನೆಚ್ಕೊಂಡು ಕೂತರೆ ಆಗ್ತಿರಲಿಲ್ಲ, ದುಡ್ಡು ಕೊಟ್ಟು ಪ್ರೈವೇಟ್ ಕೋಚ್ ಹಿಡೀಬೇಕಿತ್ತು. ಅವರಲ್ಲಿ ದೊಡ್ಡ ಹೆಸರು ಎಡ್ವರ್ಡ್ ರೌತ್. ಇವರೊಬ್ಬರ ಕೈಯಲ್ಲಿ ತಯಾರಾದ ಸೀನಿಯರ್ ರ‍್ಯಾಂಗ್ಲರ್‌ಗಳೇ 25ಕ್ಕಿಂತ ಹೆಚ್ಚು. ಇವತ್ತಾಗಿದ್ರೆ ಸರ್ಕಲ್‌ನಲ್ಲಿ ಅಷ್ಟು ಮುಖಗಳ ಫ್ಲೆಕ್ಸ್ ನಿಂತಿರ‍್ತಿತ್ತು. ರೌತ್ ಸ್ವತಃ 1854ರಲ್ಲಿ ಮೊದಲನೇ ರ‍್ಯಾಂಕ್. ಆ ವರ್ಷ ಎರಡನೇ ರ‍್ಯಾಂಕ್ ಬಂದವರು ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್, ವಿದ್ಯುತ್ ಮತ್ತು ಅಯಸ್ಕಾಂತದ ಸಮೀಕರಣಗಳ ಮ್ಯಾಕ್ಸ್‌ವೆಲ್. ರ‍್ಯಾಂಕ್ ಏನು ಹೇಳುತ್ತೆ, ಏನು ಹೇಳಲ್ಲ ಅನ್ನೋದು ಅಲ್ಲೇ ಗೊತ್ತಾಗುತ್ತೆ.

ನಮ್ಮ ದೇಶದವರೂ ಈ ಲಿಸ್ಟ್‌ನಲ್ಲಿದ್ದಾರೆ. 1874ರಲ್ಲಿ ಆನಂದ ಮೋಹನ ಬೋಸ್ ಮೊದಲ ಭಾರತೀಯ ರ‍್ಯಾಂಗ್ಲರ್ ಆದರು. 1899ರಲ್ಲಿ ಆರ್. ಪಿ. ಪರಾಂಜಪೆ ಇನ್ನೊಬ್ಬರ ಜೊತೆ ಮೊದಲನೇ ಸ್ಥಾನ ಹಂಚ್ಕೊಂಡರು. ಮುಂದೆ ಪುಣೆಯ ಫರ್ಗ್ಯುಸನ್ ಕಾಲೇಜಿನ ಪ್ರಿನ್ಸಿಪಾಲ್ ಆದರು. ಅವರನ್ನ ಕೊನೆತನಕ ಜನ ಕರೆದದ್ದು ರ‍್ಯಾಂಗ್ಲರ್ ಪರಾಂಜಪೆ ಅಂತಲೇ.

ಭಾಗ 3/6

ಈಗ ಹುಡುಗೀರ ವಿಷಯ. ಗರ್ಟನ್ ಕಾಲೇಜು ಶುರುವಾಗಿದ್ದು 1869ರಲ್ಲಿ, ನ್ಯೂನಮ್ 1871ರಲ್ಲಿ. ಕಾಲೇಜು ಇತ್ತು, ಓದೋ ಹುಡುಗೀರಿದ್ರು, ಆದರೆ ಯೂನಿವರ್ಸಿಟಿ ಲೆಕ್ಕದಲ್ಲಿ ಅವರು ಯಾರೂ ಅಲ್ಲ. ಲೆಕ್ಚರ್ ಕೇಳಬೇಕಾ, ಆ ಪ್ರೊಫೆಸರ್ ಹೂಂ ಅನ್ನಬೇಕು. ಎಕ್ಸಾಮ್ ಬರೀಬೇಕಾ, ಎಕ್ಸಾಮಿನರ್ ಒಪ್ಪಿ ಪ್ರಶ್ನೆಪತ್ರಿಕೆ ಕೊಡಬೇಕು. ನಿಯಮ ಅಂತ ಏನೂ ಇಲ್ಲ, ಎಲ್ಲಾ ಅವರವರ ದೊಡ್ಡ ಮನಸ್ಸು.

ಹಾಗೆ ಒಪ್ಪಿಗೆ ಪಡೆದು 1880ರಲ್ಲಿ ಬರೆದವಳು ಗರ್ಟನ್‌ನ ಶಾರ್ಲಟ್ ಸ್ಕಾಟ್. ಅವಳ ಉತ್ತರಪತ್ರಿಕೆಗೆ ಸಿಕ್ಕ ಅಂಕ ನೋಡಿದರೆ ಎಂಟನೇ ಸ್ಥಾನ. ಆದರೆ ರ‍್ಯಾಂಕ್ ಓದೋ ಸಮಾರಂಭಕ್ಕೆ ಅವಳಿಗೆ ಪ್ರವೇಶ ಇಲ್ಲ, ಲಿಸ್ಟ್‌ನಲ್ಲಿ ಹೆಸರೂ ಇಲ್ಲ. ಸೆನೆಟ್ ಹೌಸ್‌ನಲ್ಲಿ ಏಳನೆಯವರ ತನಕ ಓದಿ ಎಂಟಕ್ಕೆ ಬಂದಾಗ, ಓದ್ತಿದ್ದವರು ಯಾವ ಹೆಸರು ಹೇಳಿದರೋ ಯಾರಿಗೂ ಕೇಳಿಸಲಿಲ್ಲ. ಗ್ಯಾಲರಿಯಲ್ಲಿದ್ದ ಹುಡುಗರೆಲ್ಲ ಒಟ್ಟಿಗೆ ‘ಗರ್ಟನ್‌ನ ಸ್ಕಾಟ್, ಗರ್ಟನ್‌ನ ಸ್ಕಾಟ್’ ಅಂತ ಕೂಗಿ ಟೋಪಿ ಎಸೆದರು. ಹುಡುಗರು, ಅದೂ 1880ರಲ್ಲಿ! ನನಗೆ ಈ ಇಡೀ ಸೀರೀಸ್‌ನಲ್ಲಿ ತುಂಬಾ ಇಷ್ಟವಾದ ಜಾಗ ಇದು.

ಆ ಗದ್ದಲ ಪೇಪರ್‌ಗೆ ಬಂತು, ಸಾವಿರಾರು ಜನ ಮನವಿಗೆ ಸಹಿ ಹಾಕಿದರು. 1881ರ ಫೆಬ್ರವರಿ 24ರಂದು ಯೂನಿವರ್ಸಿಟಿ ಮತ ಹಾಕ್ತು: ಪರ 398, ವಿರುದ್ಧ 32. ಇನ್ಮೇಲೆ ಹುಡುಗೀರು ಯಾರ ದಯೆಯೂ ಇಲ್ಲದೆ, ಹಕ್ಕಿನಿಂದಲೇ ಟ್ರೈಪಾಸ್ ಬರೀಬಹುದು. ಅವರಿಗೆ ಬೇರೆ ಲಿಸ್ಟ್. ಹುಡುಗರ ಲಿಸ್ಟ್‌ನಲ್ಲಿ ಇದ್ದಿದ್ದರೆ ಯಾರ ಪಕ್ಕ, ಯಾರ ನಡುವೆ ಬರ್ತಿದ್ರು ಅಂತ ಓದಿ ಹೇಳ್ತಾರೆ. ಕೊನೆಗೆ ಒಂದು ಸರ್ಟಿಫಿಕೇಟ್. ಡಿಗ್ರಿ ಮಾತ್ರ ಕೇಳಬೇಡಿ.

ಸ್ಕಾಟ್ ಡಿಗ್ರಿಗೆ ಲಂಡನ್ ಯೂನಿವರ್ಸಿಟಿಗೆ ಹೋಗಬೇಕಾಯ್ತು. 1885ರಲ್ಲಿ ಅಲ್ಲೇ ಡಾಕ್ಟರೇಟ್ ಆಯ್ತು. ಅದೇ ವರ್ಷ ಅಮೆರಿಕಕ್ಕೆ ಹೋಗಿ ಬ್ರಿನ್ ಮಾರ್ ಅನ್ನೋ ಹೊಸ ಮಹಿಳಾ ಕಾಲೇಜಿನಲ್ಲಿ ಮ್ಯಾಥ್ಸ್ ವಿಭಾಗ ಕಟ್ಟಿದಳು.

ಭಾಗ 4/6

ಈ ಪೋಸ್ಟ್‌ನ ಫೋಟೋದಲ್ಲಿರೋ ಕಂಬಗಳ ಬಿಳಿ ಕಟ್ಟಡವೇ ಆ ಸೆನೆಟ್ ಹೌಸ್. ದಿನಾಂಕ 1890 ಜೂನ್ 7.

ಮೊದಲು ಹುಡುಗರ ಲಿಸ್ಟ್ ಓದಿದರು. ಸೀನಿಯರ್ ರ‍್ಯಾಂಗ್ಲರ್, ಸೇಂಟ್ ಜಾನ್ಸ್ ಕಾಲೇಜಿನ ಜಿ. ಟಿ. ಬೆನೆಟ್. ಚಪ್ಪಾಳೆ, ಕೂಗು, ಎಲ್ಲಾ ಆಯ್ತು. ಆಮೇಲೆ ಹುಡುಗೀರ ಲಿಸ್ಟ್. ಮೊದಲನೇ ಹೆಸರು ನ್ಯೂನಮ್‌ನ ಫಿಲಿಪಾ ಫಾಸೆಟ್, 22 ವರ್ಷ. ಅವಳ ಹೆಸರಿನ ಮುಂದೆ ‘ಇವರ ಸಮ’ ಅಂತಲೋ ‘ಇವರಿಬ್ಬರ ನಡುವೆ’ ಅಂತಲೋ ಇರಬೇಕಿತ್ತು. ಇದ್ದದ್ದು ‘ಸೀನಿಯರ್ ರ‍್ಯಾಂಗ್ಲರ್‌ಗಿಂತ ಮೇಲೆ’ ಅಂತ.

ಒಂದನೇ ರ‍್ಯಾಂಕ್‌ಗಿಂತ ಮೇಲಿನ ರ‍್ಯಾಂಕ್! ಒಂದೆರಡು ಮಾರ್ಕ್ಸ್ ವ್ಯತ್ಯಾಸವೂ ಅಲ್ಲ, ಅವಳ ಅಂಕ ನಂತರದವರಿಗಿಂತ ಶೇಕಡಾ 13ರಷ್ಟು ಹೆಚ್ಚು. ಹುಡುಗೀರಿಗೆ ಇಷ್ಟೊಂದು ಮ್ಯಾಥ್ಸ್ ತಲೆಗೆ ಹತ್ತಲ್ಲ, ಹೆಚ್ಚು ಓದಿದರೆ ಆರೋಗ್ಯ ಕೆಡುತ್ತೆ ಅಂತ ಗಂಭೀರವಾಗಿ ಬರೀತಿದ್ದ ಕಾಲ ಅದು. ರಾತ್ರಿ ನ್ಯೂನಮ್‌ನಲ್ಲಿ ಬೆಂಕಿ ಹಾಕಿ ಸಂಭ್ರಮ ಮಾಡಿದರು.

ಫಿಲಿಪಾ ಯಾರ ಮಗಳು ಅನ್ನೋದನ್ನ ಇಲ್ಲಿ ಹೇಳ್ಲೇಬೇಕು, ಮುಂದೆ ಬೇಕಾಗುತ್ತೆ. ತಾಯಿ ಮಿಲಿಸೆಂಟ್ ಫಾಸೆಟ್, ಹೆಂಗಸರಿಗೆ ಮತದಾನದ ಹಕ್ಕು ಬೇಕು ಅಂತ ಜೀವನ ಪೂರ್ತಿ ಹೋರಾಡಿದವರು. ತಂದೆ ಹೆನ್ರಿ ಫಾಸೆಟ್, ತಾವೂ 1856ರ ಏಳನೇ ರ‍್ಯಾಂಗ್ಲರ್. ಬೇಟೆಗೆ ಹೋದಾಗ ಅಪಘಾತದಲ್ಲಿ ಎರಡೂ ಕಣ್ಣು ಕಳ್ಕೊಂಡು, ಆಮೇಲೂ ಕೇಂಬ್ರಿಡ್ಜ್‌ನಲ್ಲಿ ಎಕನಾಮಿಕ್ಸ್ ಪ್ರೊಫೆಸರ್ ಆದವರು. ಬ್ರಿಟಿಷ್ ಸಂಸತ್ತಿನಲ್ಲಿ ಭಾರತದ ದುಡ್ಡು ಹೇಗೆ ಖರ್ಚಾಗ್ತಿದೆ ಅಂತ ಎದ್ದೆದ್ದು ಕೇಳ್ತಿದ್ದರಿಂದ ಅವರಿಗೆ ‘ಭಾರತದ ಸದಸ್ಯ’ ಅಂತ ಅಡ್ಡಹೆಸರೇ ಇತ್ತು. ಮಗಳ ರಿಸಲ್ಟ್ ಕೇಳೋಕೆ ಅವರಿರಲಿಲ್ಲ, 1884ರಲ್ಲೇ ತೀರ್ಕೊಂಡಿದ್ರು.

ಹೆನ್ರಿ ಫಾಸೆಟ್ ತೀರ್ಕೊಂಡ ಮೇಲೆ ಆ ಪ್ರೊಫೆಸರ್ ಕುರ್ಚಿಗೆ ಬಂದವರು ಯಾರು ಗೊತ್ತಾ? ನಮ್ಮ ಆಲ್ಫ್ರೆಡ್ ಮಾರ್ಷಲ್.

ಭಾಗ 5/6

1890ರ ಮೇಲೆ ‘ಹುಡುಗೀರ ಕೈಯಲ್ಲಾಗಲ್ಲ’ ಅನ್ನೋ ಮಾತಿಗೆ ಜಾಗ ಇರಲಿಲ್ಲ. ಹಾಗಾದ್ರೆ ಡಿಗ್ರಿ ಕೊಡಬೇಕಿತ್ತಲ್ವಾ? ಇಲ್ಲೇ ನಾವು ಕಾಮರ್ಸ್‌ನವರು ಸ್ವಲ್ಪ ಬೇಗ ಅರ್ಥ ಮಾಡ್ಕೊಳ್ತೀವಿ ಅನ್ಸುತ್ತೆ. ಕೇಂಬ್ರಿಡ್ಜ್ ಡಿಗ್ರಿ ಬರೀ ಮಾರ್ಕ್ಸ್ ಕಾರ್ಡ್ ಅಲ್ಲ, ಷೇರು ಇದ್ದ ಹಾಗೆ. ಬಿಎ ಆಗಿ ಕೆಲವು ವರ್ಷಕ್ಕೆ ಎಂಎ ಆಗ್ತಿತ್ತು, ಎಂಎ ಇದ್ದವರು ಸೆನೆಟ್‌ನ ಸದಸ್ಯರು. ಯೂನಿವರ್ಸಿಟಿಯ ದೊಡ್ಡ ತೀರ್ಮಾನಗಳಿಗೆಲ್ಲ ಮತ ಹಾಕೋರು ಅವರೇ. ಹುಡುಗೀರಿಗೆ ಡಿಗ್ರಿ ಕೊಟ್ರೆ ಮತ ಕೊಟ್ಟ ಹಾಗೆ. ಮತ ಕೊಟ್ರೆ ಕಂಪನಿ ಬೇರೆಯವರ ಕೈಗೂ ಹೋಗುತ್ತೆ.

ಮಾರ್ಷಲ್ ಡಿಗ್ರಿ ಕೊಡೋದನ್ನ ವಿರೋಧಿಸಿ 1896ರಲ್ಲಿ ಲೇಖನ ಬರೆದು ಹಂಚಿದರು. ಅವರ ಹೆಂಡತಿ ಮೇರಿ ಪೇಲಿ ನ್ಯೂನಮ್‌ನ ಮೊದಲ ಐವರು ವಿದ್ಯಾರ್ಥಿನಿಯರಲ್ಲಿ ಒಬ್ಬರು, 1874ರಲ್ಲೇ ಟ್ರೈಪಾಸ್ ಬರೆದವರು, ಗಂಡನ ಜೊತೆ ಸೇರಿ 1879ರಲ್ಲಿ ಎಕನಾಮಿಕ್ಸ್ ಪುಸ್ತಕ ಬರೆದವರು. ಡಿಮ್ಯಾಂಡ್ ಕರ್ವ್ ಬಿಡಿಸುವಾಗ ಇದು ಒಮ್ಮೆ ನೆನಪಾಗಲಿ. ಮಾರ್ಷಲ್ ಥಿಯರಿ ತಪ್ಪು ಅಂತ ಅಲ್ಲ. ಮನೇಲಿ ಊಟದ ಟೇಬಲ್ ಹೇಗಿತ್ತೋ ಅನ್ನೋ ಕುತೂಹಲ ಅಷ್ಟೇ.

1897ರ ಮೇ 21, ಮತದಾನದ ದಿನ. ಊರೂರಲ್ಲಿದ್ದ ಎಂಎಗಳು ರೈಲು ಹತ್ತಿ ಬಂದರು. ಸೆನೆಟ್ ಹೌಸ್ ಎದುರು ಒಂದು ಕಿಟಕಿಯಿಂದ ಸೈಕಲ್ ಮೇಲೆ ಕೂತ ಹುಡುಗಿಯ ಗೊಂಬೆಯನ್ನ ನೇತುಹಾಕಿದ್ದರು. ಪರ ಬಂದದ್ದು ಸುಮಾರು 660 ಮತ, ವಿರುದ್ಧ ಸುಮಾರು 1700. ಫಲಿತಾಂಶ ಗೊತ್ತಾದ ಕೂಡಲೇ ಹುಡುಗರು ಗೊಂಬೆ ಕೆಳಗೆಳೆದು ಚಿಂದಿ ಮಾಡಿ, ನ್ಯೂನಮ್ ತನಕ ಮೆರವಣಿಗೆ ಹೋಗಿ ಗೇಟಿನೊಳಗೆ ತುರುಕಿದರು. 17 ವರ್ಷದ ಹಿಂದೆ ಸ್ಕಾಟ್ ಹೆಸರು ಕೂಗಿ ಟೋಪಿ ಎಸೆದಿದ್ದೂ ಇದೇ ಊರಿನ ಹುಡುಗರು. ಒಬ್ಬಳು ಗೆದ್ದರೆ ಚಪ್ಪಾಳೆ ಹೊಡೆಯೋದು ಸುಲಭ, ಎಲ್ಲರಿಗೂ ಪಕ್ಕದಲ್ಲಿ ಕುರ್ಚಿ ಹಾಕೋದು ಬೇರೆ ವಿಷಯ ಅಂತ ನನಗನ್ಸುತ್ತೆ.

ಭಾಗ 6/6

ಆಮೇಲೆ ಒಂದು ಸಣ್ಣ ಕಿಂಡಿ ಸಿಕ್ಕಿತು. ಐರ್ಲೆಂಡಿನ ಟ್ರಿನಿಟಿ ಕಾಲೇಜ್ ಡಬ್ಲಿನ್ ಹುಡುಗೀರಿಗೆ ಡಿಗ್ರಿ ಕೊಡೋಕೆ ಶುರುಮಾಡ್ತು. ಆ ಕಾಲೇಜಿಗೂ ಕೇಂಬ್ರಿಡ್ಜ್, ಆಕ್ಸ್‌ಫರ್ಡ್‌ಗೂ ಪರಸ್ಪರ ಡಿಗ್ರಿ ಮಾನ್ಯ ಮಾಡೋ ಹಳೇ ಒಪ್ಪಂದ ಇತ್ತು. ಹೀಗಾಗಿ 1904ರಿಂದ 1907ರ ತನಕ ಸುಮಾರು 700 ಜನ ಹಡಗು ಹತ್ತಿ ಡಬ್ಲಿನ್‌ಗೆ ಹೋಗಿ, ಫೀಸ್ ಕಟ್ಟಿ, ಗೌನ್ ಹಾಕ್ಕೊಂಡು, ತಾವು ಓದೇ ಇರದ ಕಾಲೇಜಿನ ಡಿಗ್ರಿ ತಗೊಂಡು ವಾಪಸ್ ಬಂದರು. ಜನ ಅವರಿಗೆ ‘ಸ್ಟೀಮ್‌ಬೋಟ್ ಲೇಡೀಸ್’ ಅಂತ ಹೆಸರಿಟ್ಟರು. ಅವರಲ್ಲಿ ಗರ್ಟನ್‌ನಲ್ಲಿ ಟ್ರೈಪಾಸ್ ಮುಗಿಸಿದ್ದ ಜೂಲಿಯಾ ಬೆಲ್ ಒಬ್ಬರು. ಮುಂದೆ ಅವರು ಕಾರ್ಲ್ ಪಿಯರ್ಸನ್ ಹತ್ತಿರವೇ ಸ್ಟ್ಯಾಟಿಸ್ಟಿಕ್ಸ್ ಕೆಲಸಕ್ಕೆ ಸೇರಿದರು.

ರ‍್ಯಾಂಕ್ ಪ್ರಕಾರ ಹೆಸರು ಓದೋ ಪದ್ಧತಿ 1909ಕ್ಕೆ ನಿಂತಿತು. ಡಿಗ್ರಿ ಜಗಳ ನಿಲ್ಲಲಿಲ್ಲ. ಲಂಡನ್ ಯೂನಿವರ್ಸಿಟಿ 1878ರಲ್ಲೇ ಬಾಗಿಲು ತೆಗೆದಿತ್ತು. ನಮ್ಮ ಕಲ್ಕತ್ತಾ ಯೂನಿವರ್ಸಿಟಿಯಿಂದ ಕಾದಂಬಿನಿ ಗಂಗೂಲಿ, ಚಂದ್ರಮುಖಿ ಬಸು 1883ರಲ್ಲೇ ಬಿಎ ಆಗಿದ್ದರು. ಆಕ್ಸ್‌ಫರ್ಡ್ ಕೂಡ 1920ರಲ್ಲಿ ಒಪ್ಪಿತು. ಕೇಂಬ್ರಿಡ್ಜ್ 1921ರಲ್ಲಿ ಮತ್ತೆ ಮತ ಹಾಕಿ ಬೇಡ ಅಂತು. ಆ ರಾತ್ರಿ ಹುಡುಗರು ಕೈಗಾಡಿ ನುಗ್ಗಿಸಿ ನ್ಯೂನಮ್‌ನ ಕಂಚಿನ ಗೇಟು ಮುರಿದರು. ಆಮೇಲೆ ಒಂದು ರಾಜಿ ಆಯ್ತು: ಬಿಎ ಅಂತ ಹೆಸರಿನ ಮುಂದೆ ಹಾಕ್ಕೊಳ್ಳಿ, ಸೆನೆಟ್‌ನಲ್ಲಿ ಮತ ಇಲ್ಲ. ಪ್ರಿಫರೆನ್ಸ್ ಷೇರು ನೆನಪಾಯ್ತಾ? ಅದೇ.

ಫಿಲಿಪಾ ಇದನ್ನೆಲ್ಲ ನೋಡ್ತಾನೇ ಇದ್ದರು. ನ್ಯೂನಮ್‌ನಲ್ಲಿ ಕೆಲವು ವರ್ಷ ಪಾಠ ಮಾಡಿದರು. ಬೋಯರ್ ಯುದ್ಧ ಮುಗಿದ ಮೇಲೆ ದಕ್ಷಿಣ ಆಫ್ರಿಕಾದ ಟ್ರಾನ್ಸ್‌ವಾಲ್‌ಗೆ ಹೋಗಿ ಶಾಲೆಗಳನ್ನ ಕಟ್ಟೋ ಕೆಲಸ ಮಾಡಿದರು. 1905ರಿಂದ ಲಂಡನ್ ಕೌಂಟಿ ಕೌನ್ಸಿಲ್‌ನ ಶಿಕ್ಷಣ ವಿಭಾಗದಲ್ಲಿದ್ದು ಅಲ್ಲೇ ರಿಟೈರ್ ಆದರು. ಕೇಂಬ್ರಿಡ್ಜ್ ಕೊನೆಗೂ ಪೂರ್ತಿ ಡಿಗ್ರಿ ಕೊಡಲು ಒಪ್ಪಿದ್ದು 1947ರ ಡಿಸೆಂಬರ್‌ನಲ್ಲಿ, ಅದು ಜಾರಿಗೆ ಬಂದದ್ದು 1948ರಲ್ಲಿ. ಸೀನಿಯರ್ ರ‍್ಯಾಂಗ್ಲರ್‌ಗಿಂತ ಮೇಲೆ ಬಂದು ಆಗಲೇ 58 ವರ್ಷ.

1948ರ ಜೂನ್ 10ರಂದು ಫಿಲಿಪಾ ಫಾಸೆಟ್ ತೀರ್ಕೊಂಡರು, 80 ವರ್ಷ ಆಗಿತ್ತು. ನಾಲ್ಕು ತಿಂಗಳ ನಂತರ ಅಕ್ಟೋಬರ್‌ನಲ್ಲಿ ಅದೇ ಸೆನೆಟ್ ಹೌಸ್‌ನಲ್ಲಿ ಮೊದಲ ಬಾರಿಗೆ ಹೆಣ್ಣೊಬ್ಬಳಿಗೆ ಕೇಂಬ್ರಿಡ್ಜ್ ಡಿಗ್ರಿ ಕೊಟ್ಟರು. ಗೌರವ ಡಿಗ್ರಿ. ತಗೊಂಡವರು ಇಂಗ್ಲೆಂಡಿನ ರಾಣಿ ಎಲಿಜಬೆತ್, ಆರನೇ ಜಾರ್ಜ್ ಅವರ ಪತ್ನಿ. ಟ್ರೈಪಾಸ್ ಬರೆದಿರಲಿಲ್ಲ.